ಸ್ನಾತಕೋತ್ತರ ಪ್ರವೇಶ: ಮುಂಗಡ ಹಣವೇ ನಿರ್ಧರಿಸುವಂತಾಗಬಾರದು

ಪದವಿ ಮುಗಿಸಿದ ಮಕ್ಕಳನ್ನು ಸ್ನಾತಕೋತ್ತರ ವ್ಯಾಸಂಗಕ್ಕೆ ಕಳುಹಿಸುವುದು ಕೊಡಗಿನ ವರ್ತಕ ಕುಟುಂಬಗಳಲ್ಲಿ ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಚೆಟ್ಟಳ್ಳಿಯ ಸಣ್ಣ ಕಾಫಿ-ಕರಿಮೆಣಸಿನ ಮಳಿಗೆಯಿಂದ ಹಿಡಿದು ಕುಶಾಲನಗರದ ಕ್ಯೂರಿಂಗ್ ಘಟಕದವರೆಗೆ ಎಲ್ಲೆಡೆಯೂ ಫೆಬ್ರವರಿಯಿಂದ ಆಗಸ್ಟ್‌ವರೆಗೆ ಇದೇ ಮಾತು. ಯಾವ ಕಾಲೇಜು, ಯಾವ ಕೋರ್ಸು ಎಂಬ ಬಗ್ಗೆ ಸಾಕಷ್ಟು ಚರ್ಚೆ ನಡೆಯುತ್ತದೆ. ಆದರೆ ಒಂದು ಸಂಸ್ಥೆಯಿಂದ ಆಫರ್ ಪತ್ರ ಬಂದು, ಮತ್ತೊಂದರಿಂದ ಇನ್ನೂ ಬಾರದಿರುವ ಆ ಮಧ್ಯದ ವಾರಗಳಲ್ಲಿ ಏನು ಮಾಡಬೇಕೆಂಬುದನ್ನು ಯಾರೂ ಮುಂಚಿತವಾಗಿ ಯೋಚಿಸುವುದಿಲ್ಲ. ನಿಜವಾದ ನಷ್ಟ ಸಂಭವಿಸುವುದು ಆ ವಾರಗಳಲ್ಲಿಯೇ.

ಮೊದಲು ಕಾಲಕ್ರಮವನ್ನು ಗಮನಿಸೋಣ. ವ್ಯವಹಾರ ನಿರ್ವಹಣೆಯ ಪದವಿಗಾಗಿ ನಡೆಯುವ ಕ್ಯಾಟ್ ಪರೀಕ್ಷೆ ನವೆಂಬರಿನಲ್ಲಿ. ಆದರೆ ಐಐಎಂಗಳ ಅಂತಿಮ ಪಟ್ಟಿ ಕೈಸೇರುವಾಗ ಏಪ್ರಿಲ್, ಮೇ ಬಂದಿರುತ್ತದೆ. ಗೇಟ್ ಪರೀಕ್ಷೆ ಫೆಬ್ರವರಿಯಲ್ಲಿ, ಫಲಿತಾಂಶ ಮಾರ್ಚ್‌ನಲ್ಲಿ; ಐಐಟಿಗಳ ಎಂ.ಟೆಕ್. ಆಫರ್‌ಗಳು ಸುತ್ತು ಸುತ್ತಾಗಿ ಹೊರಬೀಳುವುದು ಬೇಸಿಗೆ ಮುಗಿಯುವ ಹೊತ್ತಿಗೆ. ನಮ್ಮ ರಾಜ್ಯದ ಪರೀಕ್ಷಾ ಪ್ರಾಧಿಕಾರವು ಪಿಜಿಸಿಇಟಿ ಮೂಲಕ ಎಂ.ಬಿ.ಎ., ಎಂ.ಸಿ.ಎ., ಎಂ.ಟೆಕ್. ಸೀಟುಗಳನ್ನು ಹಂಚುವಾಗ ಸಾಮಾನ್ಯವಾಗಿ ಮಳೆಗಾಲ ಬಲಿತಿರುತ್ತದೆ. ಇವೆಲ್ಲಕ್ಕಿಂತ ಮೊದಲೇ, ಫೆಬ್ರವರಿ-ಮಾರ್ಚ್‌ನಲ್ಲಿ, ಅನೇಕ ಖಾಸಗಿ ಸಂಸ್ಥೆಗಳು ಆಫರ್ ಪತ್ರ ಕಳುಹಿಸಿ ಹತ್ತು-ಹದಿನೈದು ದಿನಗಳೊಳಗೆ ಮೊದಲ ಕಂತು ಕಟ್ಟಬೇಕೆಂದು ಗಡುವು ವಿಧಿಸುತ್ತವೆ.

ಈ ಗಡುವು ಕಾಕತಾಳೀಯವಲ್ಲ. ಇತರರ ಫಲಿತಾಂಶ ಬರುವ ಮುನ್ನವೇ ಗಿರಾಕಿಯ ಹಣವನ್ನು ಕಟ್ಟಿಹಾಕುವ ಈ ಕ್ರಮ ವ್ಯಾಪಾರಸ್ಥರಾದ ನಮಗೆ ಹೊಸದೇನೂ ಅಲ್ಲ. ಹಾಗಿದ್ದೂ ಗೋದಾಮಿನ ಬಾಗಿಲಿನಲ್ಲಿ ಇಂತಹ ಒತ್ತಡಕ್ಕೆ ಮಣಿಯದವರು ಮಕ್ಕಳ ವಿಷಯ ಬಂದಾಗ ತಟ್ಟನೆ ಮಣಿದುಬಿಡುತ್ತಾರೆ!

ಇದರೊಂದಿಗೆ ನಮ್ಮ ಭಾಗದ ವಿಶೇಷ ತೊಂದರೆಯೊಂದು ಸೇರಿಕೊಳ್ಳುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ ಕೊಯ್ಲು. ಬೆಳೆಗಾರನ ಕೈಗೆ ಹಣ ಬರುವ ಕಾಲವದು. ಕೊಳ್ಳುವ ವರ್ತಕನ ಕೈಯಿಂದ ಹಣ ಹೋಗುವ ಕಾಲವೂ ಅದೇ. ಬಂಡವಾಳವೆಲ್ಲ 50 ಕೆ.ಜಿ.ಯ ಚೀಲಗಳಾಗಿ ಗೋದಾಮಿನಲ್ಲಿ ಕುಳಿತಿರುವಾಗ ಲಕ್ಷ, ಎರಡು ಲಕ್ಷ ರೂಪಾಯಿಗಳ ಮುಂಗಡ ಕಟ್ಟಬೇಕಾಗಿ ಬಂದರೆ, ಅದು ಬರುವುದು ಓವರ್‌ಡ್ರಾಫ್ಟ್ ಖಾತೆಯಿಂದ. ಹಾಗೆ ಕಟ್ಟಿದ ಮೇಲೆ, ಜುಲೈನಲ್ಲಿ ಉತ್ತಮ ಸೀಟು ದೊರೆತರೂ "ಕಟ್ಟಿದ ಹಣ ಹೋಗುತ್ತದಲ್ಲ" ಎಂಬ ಕಾರಣಕ್ಕೆ ಮೊದಲಿನದನ್ನೇ ಒಪ್ಪಿಕೊಳ್ಳುವವರಿದ್ದಾರೆ. ಎರಡು ವರ್ಷಗಳ ವ್ಯಾಸಂಗವನ್ನೂ ಅದರ ಮುಂದಿನ ಮೂವತ್ತು ವರ್ಷಗಳ ಉದ್ಯೋಗವನ್ನೂ ಒಂದು ಕಂತಿನ ಹಣ ನಿರ್ಧರಿಸುವುದು ಯಾವ ಲೆಕ್ಕಾಚಾರದಿಂದಲೂ ಸರಿಯಲ್ಲ.

ಕಟ್ಟಿದ ಹಣ ಹೋಗಿಯೇ ಹೋಗುತ್ತದೆ ಎಂಬ ಭಾವನೆಯೂ ಪೂರ್ತಿ ನಿಜವಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯನ್ನು ನಮ್ಮ ಓದುಗರು ತಪ್ಪದೆ ತಿಳಿದಿರಬೇಕು. ಅದರ ಪ್ರಕಾರ, ಪ್ರವೇಶದ ಪ್ರಕಟಿತ ಕೊನೆಯ ದಿನಾಂಕಕ್ಕೆ 15 ದಿನಗಳು ಅಥವಾ ಅದಕ್ಕೂ ಮೊದಲು ಹಿಂದೆ ಸರಿದರೆ ಪೂರ್ಣ ಶುಲ್ಕ ವಾಪಸು. ಸಂಸ್ಥೆ ಕಡಿತ ಮಾಡಬಹುದಾದುದು ಶೇ. 5ರಷ್ಟು, ಅದೂ ರೂ. 5,000 ಮೀರದಂತೆ. ಕೊನೆಯ ದಿನಾಂಕ ಸಮೀಪಿಸಿದಂತೆ ಇದು ಶೇ. 90ಕ್ಕೆ, ದಿನಾಂಕ ಕಳೆದು 15 ದಿನಗಳೊಳಗಾದರೆ ಶೇ. 80ಕ್ಕೆ, 30 ದಿನಗಳೊಳಗಾದರೆ ಶೇ. 50ಕ್ಕೆ ಇಳಿಯುತ್ತದೆ; ಅಲ್ಲಿಂದಾಚೆಗೆ ಏನೂ ಇಲ್ಲ. 2024-25ನೇ ಸಾಲಿಗೆ ಆಯೋಗ ಇನ್ನೂ ಉದಾರವಾಗಿ, 2024ರ ಸೆಪ್ಟೆಂಬರ್ 30ರವರೆಗೆ ಹಿಂದೆ ಸರಿದವರಿಗೆ ಪೂರ್ಣ ಶುಲ್ಕ ಹಿಂತಿರುಗಿಸಬೇಕೆಂದು ಸೂಚಿಸಿತ್ತು. ಆಯಾ ವರ್ಷದ ಸುತ್ತೋಲೆಯನ್ನು ನೋಡಿಕೊಳ್ಳುವುದು ಅಗತ್ಯ. ಮೂಲ ಅಂಕಪಟ್ಟಿಗಳನ್ನು ಸಂಸ್ಥೆ ತನ್ನಲ್ಲಿ ಇರಿಸಿಕೊಳ್ಳುವಂತಿಲ್ಲ ಎಂಬುದೂ 2018ರ ಅಧಿಸೂಚನೆಯಲ್ಲಿಯೇ ಇದೆ. ಮೂಲ ದಾಖಲೆಗಳನ್ನು ಕೊಟ್ಟು ಬರಿಗೈಯಲ್ಲಿ ಮರಳಿದ ವಿದ್ಯಾರ್ಥಿ ಬೇರೆಡೆ ಸೇರುವುದು ಹೇಗೆ? ತಾಂತ್ರಿಕ ಶಿಕ್ಷಣ ಪರಿಷತ್ತಿನ ಅಡಿಯಲ್ಲಿ ಬರುವ ಸಂಸ್ಥೆಗಳಿಗೂ, ತರಗತಿ ಆರಂಭಕ್ಕೆ ಮುನ್ನ ಹಿಂದೆ ಸರಿದವರಿಂದ ರೂ. 1,000ಕ್ಕಿಂತ ಹೆಚ್ಚು ಕಡಿತ ಮಾಡಬಾರದೆಂಬ ನಿಯಮವಿದೆ. ನಿಯಮವಿದ್ದ ಮಾತ್ರಕ್ಕೆ ಹಣ ತಾನಾಗಿ ಮರಳುವುದಿಲ್ಲ, ನಿಜ. ಲಿಖಿತ ಮನವಿ, ಸ್ವೀಕೃತಿ, ದಿನಾಂಕ – ಇವನ್ನು ಜೋಪಾನವಾಗಿಟ್ಟುಕೊಳ್ಳುವ ಅಭ್ಯಾಸ ವರ್ತಕರಿಗೆ ಕಲಿಸಬೇಕಾದುದಲ್ಲ.

ಕಾಯುವುದನ್ನು ಸರ್ಕಾರಿ ವ್ಯವಸ್ಥೆಗಳೇ ಮಾನ್ಯ ಮಾಡಿವೆ ಎಂಬುದೂ ಗಮನಾರ್ಹ. ಐಐಟಿಗಳ ಸಾಮಾನ್ಯ ಆಫರ್ ಪೋರ್ಟಲ್‌ನಲ್ಲಿ ಅಭ್ಯರ್ಥಿಯು ಸೀಟನ್ನು ಅಂತಿಮವಾಗಿ ಒಪ್ಪಬಹುದು, ಕೈಯಲ್ಲಿ ಉಳಿಸಿಕೊಂಡೇ ಮುಂದಿನ ಸುತ್ತಿಗೆ ಕಾಯಬಹುದು, ಇಲ್ಲವೇ ನಿರಾಕರಿಸಿ ಕಾಯಬಹುದು. ನಮ್ಮ ಪರೀಕ್ಷಾ ಪ್ರಾಧಿಕಾರದ ನಾಲ್ಕು ಛಾಯ್ಸ್‌ಗಳೂ ಇದೇ ಬಗೆಯವು. ಇವುಗಳ ವ್ಯತ್ಯಾಸ ಅರಿಯದೆ ಸೈಬರ್ ಕೇಂದ್ರದವರು ಹೇಳಿದಂತೆ ಗುಂಡಿ ಒತ್ತಿ ಸೀಟು ಕಳೆದುಕೊಳ್ಳುವ ಅಪಾಯ ಸಣ್ಣದಲ್ಲ. ಇದಕ್ಕೆ ಸೇರಿದಂತೆ ಇನ್ನೊಂದು ಮಾತು: ಜುಲೈ-ಆಗಸ್ಟ್ ಮಳೆಯಲ್ಲಿ ಕೊಡಗಿನ ವಿದ್ಯುತ್ತನ್ನೂ ದೂರವಾಣಿಯನ್ನೂ ನಂಬಿ ಕೊನೆಯ ದಿನದವರೆಗೆ ಕಾಯಬಾರದು. 2018ರ ಆಗಸ್ಟ್‌ನ ಭೂಕುಸಿತದ ದಿನಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ವಿದೇಶದ ಆಫರ್‌ಗಳ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳವಾಗಿ ಹಬ್ಬಿದೆ. ಅಮೆರಿಕದ ವಿಶ್ವವಿದ್ಯಾಲಯಗಳು ಏಪ್ರಿಲ್ 15ರವರೆಗೆ ಕಾಯುತ್ತವೆ ಎನ್ನುತ್ತಾರೆ. ಆ ಒಪ್ಪಂದ ಇರುವುದು ಧನಸಹಾಯ ಸಹಿತವಾದ ಆಫರ್‌ಗಳಿಗೆ, ಅದೂ ಅದಕ್ಕೆ ಒಪ್ಪಿದ ವಿಶ್ವವಿದ್ಯಾಲಯಗಳಲ್ಲಿ. ಸ್ವಂತ ಖರ್ಚಿನಲ್ಲಿ ಎಂ.ಎಸ್. ಓದಲು ಹೋಗುವವರಿಗೆ ಆ ರಕ್ಷಣೆ ಇಲ್ಲ. ಅವರವರ ಪತ್ರದಲ್ಲಿರುವ ಗಡುವೇ ಗಡುವು. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲವೆಂಬುದು ಸರಿ. ಆದರೆ 2024ರ ಸೆಪ್ಟೆಂಬರ್‌ನಿಂದ ವೀಸಾಕ್ಕೆ 11,904 ಯೂರೋಗಳನ್ನು ಪ್ರತ್ಯೇಕ ಖಾತೆಯಲ್ಲಿ ಮೊದಲೇ ತೋರಿಸಬೇಕಾಗಿದೆ. ಆ ಹಣ ವಿದ್ಯಾರ್ಥಿಯದೇ, ತಿಂಗಳಿಗೆ 992 ಯೂರೋಗಳಂತೆ ಅವನಿಗೇ ಮರಳುತ್ತದೆ. ಹಾಗಾದರೂ ಒಂದೇ ಸಲ ಅಷ್ಟನ್ನು ಹೊಂದಿಸುವುದು ಸಣ್ಣ ಘಟಕಕ್ಕೆ ಸುಲಭವಲ್ಲ.

ಎರಡು ಆಫರ್‌ಗಳು ಕೈಯಲ್ಲಿರುವಾಗ ಆರಿಸುವುದು ಹೇಗೆ? ಚೆರ್ರಿ ಕಾಫಿ ಕೊಳ್ಳುವಾಗ ನಾವು ಚೀಲದ ತೂಕಕ್ಕೆ ಮರುಳಾಗುವುದಿಲ್ಲ, ಔಟ್‌ಟರ್ನ್ ಎಷ್ಟೆಂದು ಕೇಳುತ್ತೇವೆ. ಇಲ್ಲಿಯೂ ವಿದ್ಯಾರ್ಥಿವೇತನದ ಮೊತ್ತವನ್ನು ಕಂಡು ಹಿಗ್ಗದೆ, ವಸತಿ, ಊಟ, ಪ್ರಯಾಣ, ಸಾಲದ ಬಡ್ಡಿ ಕಳೆದ ಮೇಲೆ ಉಳಿಯುವುದೆಷ್ಟೆಂದು ನೋಡಬೇಕು. ಚೆಟ್ಟಳ್ಳಿಯ ಕರಿಮೆಣಸಿನ ವರ್ತಕರೊಬ್ಬರ ಮಗಳಿಗೆ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಆಹಾರ ತಂತ್ರಜ್ಞಾನದ ಎಂ.ಎಸ್ಸಿ. ಹಾಗೂ ದೂರದ ಮಹಾನಗರವೊಂದರ ಹೆಸರಾಂತ ಸಂಸ್ಥೆಯಲ್ಲಿ ಎಂ.ಬಿ.ಎ. ಎರಡೂ ದೊರೆತಿವೆ ಎಂದಿಟ್ಟುಕೊಳ್ಳಿ. ಮನೆಯವರು ಎರಡನೆಯದರ ಹೆಸರನ್ನು ಮೆಚ್ಚುತ್ತಾರೆ, ಇಲ್ಲವೇ ಮೊದಲನೆಯದನ್ನು "ನಮ್ಮ ಮಸಾಲೆ ಘಟಕಕ್ಕೆ ಉಪಯೋಗ" ಎಂದು ಮೆಚ್ಚುತ್ತಾರೆ. ಎರಡೂ ಅವಳ ಉತ್ತರಗಳಲ್ಲ. ಮಳಿಗೆಗೆ ಮರಳುವಳೋ ಇಲ್ಲವೋ ಎಂಬುದನ್ನು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಸೀಟಿನ ಮೂಲಕ ಇತ್ಯರ್ಥಗೊಳಿಸಲು ಹೊರಡುವುದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

ಕೇಳಿ ತಿಳಿಯಲು ನಮ್ಮಲ್ಲಿ ಜನರಿಲ್ಲವೆಂದಲ್ಲ. 1946ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಉಪಕೇಂದ್ರವೂ, ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರವೂ ಚೆಟ್ಟಳ್ಳಿಯಲ್ಲಿಯೇ ಇವೆ. ಕಿತ್ತಳೆ ಗಿಡಕ್ಕೆ, 'ಕಾವೇರಿ' ಪ್ಯಾಷನ್ ಹಣ್ಣಿಗೆ, 'ಅರ್ಕಾ ಕೂರ್ಗ್ ಅರುಣ್' ರಂಬುಟಾನ್‌ಗೆ ನಾವು ಅವರ ಬಳಿ ಹೋಗುತ್ತೇವೆ. ಸ್ನಾತಕೋತ್ತರ ಪ್ರವೇಶ, ಮಾರ್ಗದರ್ಶಕರ ಆಯ್ಕೆ, ವ್ಯಾಸಂಗವೇತನ, ನಿರೀಕ್ಷೆಯ ತಿಂಗಳುಗಳು ಎಲ್ಲವನ್ನೂ ದಾಟಿ ಬಂದ ವಿಜ್ಞಾನಿಗಳು ಅಲ್ಲಿರುವಾಗ, ಮಕ್ಕಳನ್ನು ಅರ್ಧ ಗಂಟೆ ಅವರ ಬಳಿ ಕುಳ್ಳಿರಿಸಬಾರದೇಕೆ? ದಲ್ಲಾಳಿ ಸಲಹಾ ಸಂಸ್ಥೆಗಳಿಗೆ ಸಂಸ್ಥೆಯ ಕಡೆಯಿಂದಲೂ ಕಮಿಷನ್ ಬರುವುದುಂಟೆಂಬುದನ್ನು ಮರೆಯಬಾರದು.

ಇನ್ನು ಸಾಲದ ವಿಷಯ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಅನುಮೋದಿಸಿದ ಪ್ರಧಾನಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಡಿ ಆಯ್ದ ಸಂಸ್ಥೆಗಳಿಗೆ (ಆರಂಭದಲ್ಲಿ 860) ಪ್ರವೇಶ ಪಡೆದವರಿಗೆ ಜಾಮೀನು, ಅಡಮಾನಗಳಿಲ್ಲದೆ ಸಾಲ ದೊರೆಯುತ್ತದೆ. ವಾರ್ಷಿಕ ಆದಾಯ ರೂ. 8 ಲಕ್ಷದೊಳಗಿನ ಕುಟುಂಬಗಳಿಗೆ ರೂ. 10 ಲಕ್ಷದವರೆಗಿನ ಸಾಲದ ಮೇಲೆ ಶೇ. 3ರ ಬಡ್ಡಿ ರಿಯಾಯಿತಿಯೂ ಇದೆ. ಆದರೆ ಬ್ಯಾಂಕು ಕಡತ ತೆರೆಯುವುದು ಪ್ರವೇಶ ಖಚಿತವಾದ ಮೇಲೆ; ಸಂಸ್ಥೆ ಹಣ ಕೇಳುವುದು ಅದಕ್ಕೂ ಮೊದಲು. ಈ ಅಂತರವನ್ನು ವರ್ತಕನ ದುಡಿಯುವ ಬಂಡವಾಳ ತುಂಬುತ್ತಿದೆ. ನಮ್ಮ ವಾಣಿಜ್ಯ ಮಂಡಳಿಯು ಮಡಿಕೇರಿ, ಕುಶಾಲನಗರ, ವಿರಾಜಪೇಟೆಗಳ ಬ್ಯಾಂಕ್ ವ್ಯವಸ್ಥಾಪಕರನ್ನು ಕರೆದು, ಸದಸ್ಯರ ಮಕ್ಕಳಿಗೆ ಆಫರ್ ಪತ್ರಕ್ಕೆ ಮುನ್ನವೇ ತಾತ್ವಿಕ ಮಂಜೂರಾತಿ ನೀಡುವ ಬಗ್ಗೆ ಮಾತುಕತೆ ನಡೆಸಬೇಕು. ಆ ಸಭೆ ರೊಬಸ್ಟಾ ಕೊಯ್ಲಿಗೆ ಮೊದಲು, ನವೆಂಬರಿನೊಳಗೆ ನಡೆದರೆ ಮುಂದಿನ ಫೆಬ್ರವರಿಯ ಮೊದಲ ಗಡುವಿಗೆ ಉಪಯೋಗವಾದೀತು.