ಹೀಗಾಗದೆ ಹಾಗಾಗಿದ್ದರೆ

ನಡೆದುಹೋದುದನ್ನು ಕುರಿತು 'ಹೀಗಾಗದೆ ಹಾಗಾಗಿದ್ದರೆ' ಎಂದು ಯೋಚಿಸುವುದು ವ್ಯರ್ಥವೆಂದು ಹಿರಿಯರು ಹೇಳುವುದುಂಟು. ಕೊರಗುವುದಕ್ಕಾಗಿ ಯೋಚಿಸಿದರೆ ವ್ಯರ್ಥವೇ ಸರಿ. ಆದರೆ ಯಾವ ಕಾರ್ಯಕ್ಕೆ ಯಾವುದು ಕಾರಣವೆಂದು ತಿಳಿಯಬೇಕಾದರೆ ಇಂಥ ಯೋಚನೆಯಿಂದ ಬಹಳ ಪ್ರಯೋಜನವುಂಟು. ಮನೆಯ ಕಂಬವೊಂದನ್ನು ಮನಸ್ಸಿನಲ್ಲಿಯೇ ತೆಗೆದು ನೋಡಿದರೆ, ಭಾರವನ್ನು ಹೊತ್ತಿದ್ದ ಕಂಬ ಅದೇ ಹೌದೋ ಅಲ್ಲವೋ ಗೊತ್ತಾಗುತ್ತದೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೧೨ನೆಯ ಇಸವಿಯಲ್ಲಿ ನಡೆದ ಅಧ್ಯಕ್ಷರ ಚುನಾವಣೆಯನ್ನು ಈ ತಿಂಗಳು ನಾವು ಹಾಗೆ ಪರೀಕ್ಷಿಸಬೇಕೆಂದಿದ್ದೇವೆ.

ಆ ವರ್ಷ ಕಣಕ್ಕಿಳಿದವರಲ್ಲಿ ಮೂವರು ಮುಖ್ಯರು. ವಿಲಿಯಂ ಹೋವರ್ಡ್ ಟ್ಯಾಫ್ಟರು ಆಗ ಅಧಿಕಾರದಲ್ಲಿದ್ದ ಅಧ್ಯಕ್ಷರು. ಥಿಯೋಡೋರ್ ರೂಸ್‌ವೆಲ್ಟರು ಅವರಿಗೆ ಹಿಂದಿನ ಅಧ್ಯಕ್ಷರು. ವುಡ್ರೋ ವಿಲ್ಸನ್ನರು ನ್ಯೂಜರ್ಸಿ ಸಂಸ್ಥಾನದ ಗವರ್ನರು. ಮೊದಲಿಬ್ಬರೂ ರಿಪಬ್ಲಿಕನ್ ಪಕ್ಷದವರು, ಆಪ್ತ ಸ್ನೇಹಿತರು. ೧೯೦೮ರಲ್ಲಿ ಟ್ಯಾಫ್ಟರನ್ನು ಆರಿಸಿ ತಮ್ಮ ಪೀಠಕ್ಕೆ ಏರಿಸಿದವರು ರೂಸ್‌ವೆಲ್ಟರೇ. ಅನಂತರ ಅವರು ಬೇಟೆಗೆಂದು ಆಫ್ರಿಕಕ್ಕೆ ಹೋದರು. ಹಿಂದಿರುಗಿ ಬಂದು ನೋಡಿದರೆ ಸ್ನೇಹಿತನ ಆಡಳಿತ ಅವರ ಮನಸ್ಸಿಗೆ ಒಪ್ಪಲಿಲ್ಲ. ೧೯೧೨ರಲ್ಲಿ ತಾವೇ ಮತ್ತೆ ಉಮೇದುವಾರರಾಗಿ ನಿಂತರು.

ಪಕ್ಷದ ಸಾಮಾನ್ಯ ಜನ ನೇರವಾಗಿ ವೋಟು ಕೊಟ್ಟ ಸಂಸ್ಥಾನಗಳಲ್ಲಿ ಹೆಚ್ಚಿನವು ರೂಸ್‌ವೆಲ್ಟರ ಕಡೆಗಾದವು. ಆದರೆ ಪಕ್ಷದ ಸೂತ್ರಗಳು ಟ್ಯಾಫ್ಟರ ಕೈಯಲ್ಲಿದ್ದವು. ಜೂನ್ ತಿಂಗಳಲ್ಲಿ ಚಿಕಾಗೋ ನಗರದಲ್ಲಿ ಸೇರಿದ ಪಕ್ಷದ ಮಹಾಸಭೆಗೆ ಬಂದ ಪ್ರತಿನಿಧಿಗಳ ಪೈಕಿ ೨೫೪ ಸ್ಥಾನಗಳು ವಿವಾದಕ್ಕೆ ಬಿದ್ದುವು. ಪಕ್ಷದ ಸಮಿತಿಯು ಅವುಗಳಲ್ಲಿ ೨೩೫ನ್ನು ಟ್ಯಾಫ್ಟರ ಕಡೆಯವರಿಗೂ ೧೯ನ್ನು ರೂಸ್‌ವೆಲ್ಟರ ಕಡೆಯವರಿಗೂ ಕೊಟ್ಟಿತು. ಸಭೆಯ ಫಲ ಅಲ್ಲಿಗೆ ಗೊತ್ತಾದಂತಾಯಿತು. ರೂಸ್‌ವೆಲ್ಟರು ಇದನ್ನು ಕಳ್ಳತನವೆಂದು ಸಾರಿ ಹೊರಬಂದು, ಆಗಸ್ಟ್ ತಿಂಗಳಲ್ಲಿ ಪ್ರೊಗ್ರೆಸಿವ್ ಪಕ್ಷದ ಉಮೇದುವಾರರಾದರು. ಅಕ್ಟೋಬರ್ ೧೪ರಂದು ಮಿಲ್ವಾಕೀ ನಗರದಲ್ಲಿ ಒಬ್ಬನು ಅವರ ಎದೆಗೆ ಗುಂಡು ಹೊಡೆದನು. ಜೇಬಿನಲ್ಲಿ ಮಡಿಸಿಟ್ಟಿದ್ದ ಭಾಷಣದ ಕಾಗದಗಳೂ ಕನ್ನಡಕದ ಪೆಟ್ಟಿಗೆಯೂ ಗುಂಡಿನ ವೇಗವನ್ನು ತಗ್ಗಿಸಿದುವು. ಗುಂಡು ಎದೆಯಲ್ಲಿರುವಂತೆಯೇ ಆತನು ಒಂದು ಗಂಟೆಗೂ ಮೀರಿ ಮಾತನಾಡಿದನು.

ಇನ್ನು ಫಲಿತಾಂಶ. ವಿಲ್ಸನ್ನರಿಗೆ ಬಂದ ವೋಟುಗಳು ಸುಮಾರು ೬೩ ಲಕ್ಷ. ರೂಸ್‌ವೆಲ್ಟರಿಗೆ ೪೧ ಲಕ್ಷ. ಟ್ಯಾಫ್ಟರಿಗೆ ೩೫ ಲಕ್ಷ. ಸಮಾಜವಾದಿ ಪಕ್ಷದ ಯೂಜೀನ್ ಡೆಬ್ಸರಿಗೆ ೯ ಲಕ್ಷ. ನೂರಕ್ಕೆ ನಲವತ್ತೆರಡರಷ್ಟು ಜನರ ಒಪ್ಪಿಗೆಯನ್ನು ಪಡೆದ ವಿಲ್ಸನ್ನರಿಗೆ, ಅಧ್ಯಕ್ಷರನ್ನು ಆರಿಸುವ ೫೩೧ ಮಂದಿ ನಿಯೋಜಿತರ ಪೈಕಿ ೪೩೫ ಮಂದಿ ದೊರೆತರು. ರೂಸ್‌ವೆಲ್ಟರಿಗೆ ೮೮, ಅಧಿಕಾರದಲ್ಲಿದ್ದ ಟ್ಯಾಫ್ಟರಿಗೆ ಕೇವಲ ೮. ಇದಕ್ಕಿಂತ ವಿಚಿತ್ರವಾದುದೊಂದುಂಟು. ೧೯೦೮ರಲ್ಲಿ ಇದೇ ಡೆಮೊಕ್ರಾಟಿಕ್ ಪಕ್ಷದಿಂದ ನಿಂತು ಸೋತ ಬ್ರಯನ್ನರಿಗೆ ಬಂದಿದ್ದ ವೋಟುಗಳು, ೧೯೧೨ರಲ್ಲಿ ಗೆದ್ದ ವಿಲ್ಸನ್ನರಿಗೆ ಬಂದ ವೋಟುಗಳಿಗಿಂತ ಹೆಚ್ಚು! ಇಬ್ಬರ ಜಗಳ ಮೂರನೆಯವನಿಗೆ ಲಾಭವೆಂಬ ಗಾದೆಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಈಗ ಕಂಬವನ್ನು ತೆಗೆಯೋಣ. ಚಿಕಾಗೋ ಸಭೆಯಲ್ಲಿ ವಿವಾದದ ಸ್ಥಾನಗಳು ರೂಸ್‌ವೆಲ್ಟರ ಕಡೆಗೆ ಬಂದು, ಪಕ್ಷ ಒಡೆಯದೆ ಅವರೊಬ್ಬರೇ ಉಮೇದುವಾರರಾದರೆಂದು ಇಟ್ಟುಕೊಳ್ಳೋಣ. ೪೧ಕ್ಕೆ ೩೫ ಕೂಡಿದರೆ ೭೬, ೬೩ಕ್ಕಿಂತ ಅಧಿಕ, ಆದುದರಿಂದ ರೂಸ್‌ವೆಲ್ಟರಿಗೆ ಜಯ ಖಂಡಿತ ಎಂದು ಅನೇಕರು ಹೇಳುತ್ತಾರೆ. ಈ ಕೂಡಿಕೆ ಗಣಿತದಲ್ಲಿ ಸರಿ. ಮನುಷ್ಯರ ವಿಷಯದಲ್ಲಿ ಅಷ್ಟು ಸುಲಭವಲ್ಲ. ನ್ಯಾಯಾಲಯಗಳ ಕೆಲವು ತೀರ್ಪುಗಳನ್ನು ಜನರೇ ವೋಟಿನಿಂದ ತಳ್ಳಿಹಾಕಬಹುದೆಂದು ರೂಸ್‌ವೆಲ್ಟರು ಆ ವರ್ಷ ಸೂಚಿಸಿದ್ದರು. ಟ್ಯಾಫ್ಟರನ್ನು ಬೆಂಬಲಿಸಿದವರಲ್ಲಿ ಇಂಥ ಮಾತಿಗೆ ಹೆದರಿದ ಸಂಪ್ರದಾಯಸ್ಥರು ಬಹು ಮಂದಿ ಇದ್ದರು. ಮೂವರ ವೋಟುಗಳ ಮೊತ್ತ ೧೩೯ ಲಕ್ಷ. ಅದರಲ್ಲಿ ಅರ್ಧವನ್ನು ಮುಟ್ಟಲು ರೂಸ್‌ವೆಲ್ಟರಿಗೆ ಇನ್ನೂ ಇಪ್ಪತ್ತೆಂಟೂವರೆ ಲಕ್ಷ ಬೇಕು. ಎಂದರೆ ಟ್ಯಾಫ್ಟರ ಹತ್ತು ಮಂದಿಯಲ್ಲಿ ಎಂಟು ಮಂದಿಯಾದರೂ ಇವರ ಕಡೆಗೆ ಬರಬೇಕು. ಇಬ್ಬರಿಗಿಂತ ಹೆಚ್ಚಾಗಿ ವಿಲ್ಸನ್ನರ ಕಡೆಗೆ ಹೋದರೆ ಲೆಕ್ಕ ತಪ್ಪಿತು.

ಅದೂ ಅಲ್ಲದೆ, ಒಂದು ಕಂಬ ಕದಲಿದರೆ ಪಕ್ಕದ ತೊಲೆಯೂ ಕದಲುತ್ತದೆ. ಡೆಮೊಕ್ರಾಟಿಕ್ ಪಕ್ಷದವರು ಬಾಲ್ಟಿಮೋರ್ ನಗರದಲ್ಲಿ ಸೇರಿದ್ದು ಚಿಕಾಗೋ ಸಭೆ ಮುಗಿದ ಮೂರು ದಿನಗಳ ಮೇಲೆ. ಅಲ್ಲಿ ಚ್ಯಾಂಪ್ ಕ್ಲಾರ್ಕರು ಅರ್ಧಕ್ಕೆ ಮೀರಿದ ವೋಟುಗಳನ್ನು ಪಡೆದರೂ, ಮೂರರಲ್ಲೆರಡು ಪಾಲು ಬೇಕೆಂಬ ನಿಯಮವಿದ್ದುದರಿಂದ ಸೋತರು. ವಿಲ್ಸನ್ನರು ನಲವತ್ತಾರನೆಯ ಸುತ್ತಿನಲ್ಲಿ ಗೆದ್ದರು. ಒಡೆಯದ ಎದುರುಪಕ್ಷವೂ ರೂಸ್‌ವೆಲ್ಟರಂಥ ಎದುರಾಳಿಯೂ ಮುಂದಿದ್ದರೆ ಆ ಸಭೆ ಯಾರನ್ನು ಆರಿಸುತ್ತಿತ್ತು? ರೂಸ್‌ವೆಲ್ಟರ ಗೆಲುವು ಸಂಭವನೀಯ. ಖಂಡಿತವಲ್ಲ ಎಂಬುದೇ ನಮ್ಮ ಮತ.

ಅವರು ಗೆದ್ದರೆಂದೇ ಭಾವಿಸಿದರೆ ಮುಂದೇನು? ವಿಲ್ಸನ್ನರ ಆಡಳಿತ ೧೯೧೩ರಲ್ಲಿ ವಾಷಿಂಗ್ಟನ್ನಿನ ಅಂಚೆ ಮತ್ತು ಖಜಾನೆ ಇಲಾಖೆಗಳಲ್ಲಿ ಕರಿಯ ನೌಕರರನ್ನು ಬಿಳಿಯರಿಂದ ಬೇರ್ಪಡಿಸಿತು. ಅದು ತಪ್ಪುತ್ತಿತ್ತೇನೋ. ಸ್ತ್ರೀಯರಿಗೆ ವೋಟಿನ ಹಕ್ಕು ಬೇಕೆಂಬುದು ರೂಸ್‌ವೆಲ್ಟರ ಹೊಸ ಪಕ್ಷದ ಘೋಷಣೆಯಲ್ಲಿ ಸೇರಿತ್ತು. ದೇಶದ ಹೆಣ್ಣುಮಕ್ಕಳೆಲ್ಲರಿಗಾಗಿ ಸಂವಿಧಾನಕ್ಕೆ ಆ ತಿದ್ದುಪಡಿ ಆದದ್ದು ೧೯೨೦ರಲ್ಲಿ. ಅದು ಕೆಲವು ವರ್ಷ ಮೊದಲೇ ಆಗುತ್ತಿತ್ತೇನೋ. ಇದನ್ನು ಕೇಳಿ ವಾಚಕರು ರೂಸ್‌ವೆಲ್ಟರಿಗೆ ಜಯಕಾರ ಹಾಕುವ ಮುನ್ನ ಇನ್ನೊಂದು ಮುಖವನ್ನೂ ನೋಡಬೇಕು. ದಕ್ಷಿಣದ ಸಂಸ್ಥಾನಗಳಿಂದ ಬಂದ ಕರಿಯ ಪ್ರತಿನಿಧಿಗಳನ್ನು ಅವರ ಹೊಸ ಪಕ್ಷವೇ ತನ್ನ ಮಹಾಸಭೆಯಲ್ಲಿ ಕೂಡಿಸಲಿಲ್ಲ. ೧೯೧೫ರ ಮೇ ತಿಂಗಳಲ್ಲಿ ಲುಸಿಟೇನಿಯ ಹಡಗು ಮುಳುಗಿದಾಗ ವಿಲ್ಸನ್ನರು ತಾಳ್ಮೆಯಿಂದಿದ್ದು ೧೯೧೭ರವರೆಗೆ ಯುದ್ಧಕ್ಕೆ ಇಳಿಯಲಿಲ್ಲ. ರೂಸ್‌ವೆಲ್ಟರು ಆ ತಾಳ್ಮೆಯನ್ನು ಹೇಡಿತನವೆಂದು ಹಳಿದರು. ಅವರ ಕೈಯಲ್ಲಿ ಅಧಿಕಾರವಿದ್ದಿದ್ದರೆ ಅಮೆರಿಕದ ತರುಣರು ಎರಡು ವರ್ಷ ಮೊದಲೇ ಫ್ರಾನ್ಸಿನ ಕಂದಕಗಳಲ್ಲಿ ಇಳಿದಿರುತ್ತಿದ್ದರು. ಯುದ್ಧ ಬೇಗ ಮುಗಿದಿದ್ದರೆ, ೧೯೧೮ರ ಸೆಪ್ಟೆಂಬರಿನಲ್ಲಿ ನಮ್ಮ ಮೈಸೂರಿನ ಕುದುರೆ ಸವಾರರು ಹೈಫಾ ಪಟ್ಟಣದ ಮೇಲೆ ನುಗ್ಗುವ ಪ್ರಸಂಗವೇ ಬರುತ್ತಿರಲಿಲ್ಲ. ಮುಗಿಯದಿದ್ದರೆ, ಎಷ್ಟೋ ಸಾವಿರ ಮನೆಗಳಲ್ಲಿ ಹೆಚ್ಚಿಗೆ ಗೋಳು. ಇವೆರಡರಲ್ಲಿ ಯಾವುದೆಂದು ಹೇಳಬಲ್ಲ ಜೋಯಿಸರಿಲ್ಲ.

ಆದರೆ ಒಂದು ಸಂಗತಿ ನಿಸ್ಸಂದೇಹವಾಗಿ ತಿಳಿಯುತ್ತದೆ. ಮೂವರ ಸ್ಪರ್ಧೆಯಲ್ಲಿ ಗೆಲ್ಲುವವರು ಯಾರೆಂಬುದು ಜನರ ಇಷ್ಟದಿಂದ ಎಷ್ಟು ನಿರ್ಣಯವಾಗುತ್ತದೆಯೋ, ಆ ಇಷ್ಟವನ್ನು ಎಣಿಸುವ ಕ್ರಮದಿಂದಲೂ ಅಷ್ಟೇ ನಿರ್ಣಯವಾಗುತ್ತದೆ. ಅದೇ ಅಮೆರಿಕದಲ್ಲಿ ೧೮೨೪ರಲ್ಲಿ ಯಾರಿಗೂ ಅರ್ಧಕ್ಕೆ ಮೀರಿದ ನಿಯೋಜಿತರು ದೊರೆಯದೆ, ನಿರ್ಣಯ ಪ್ರತಿನಿಧಿ ಸಭೆಗೆ ಹೋಯಿತು. ಅಲ್ಲಿ ದೊಡ್ಡ ಸಂಸ್ಥಾನಕ್ಕೂ ಸಣ್ಣ ಸಂಸ್ಥಾನಕ್ಕೂ ಒಂದೊಂದೇ ವೋಟು. ಹೆಚ್ಚು ನಿಯೋಜಿತರನ್ನು ಪಡೆದಿದ್ದ ಜ್ಯಾಕ್ಸನ್ನರು ಸೋತು ಆಡಮ್ಸರು ಅಧ್ಯಕ್ಷರಾದರು. ನಮ್ಮ ದೇಶದ ರಾಷ್ಟ್ರಪತಿಯ ಚುನಾವಣೆಯಲ್ಲಿ ಬೇರೊಂದು ಕ್ರಮವುಂಟು: ವೋಟು ಕೊಡುವವರು ತಮ್ಮ ಮೊದಲನೆಯ ಆಯ್ಕೆಯನ್ನೂ ಎರಡನೆಯ ಆಯ್ಕೆಯನ್ನೂ ಬರೆದು ತಿಳಿಸಬಹುದು. ೧೯೬೯ರಲ್ಲಿ ಗಿರಿ, ಸಂಜೀವ ರೆಡ್ಡಿ, ದೇಶಮುಖ್ ಈ ಮೂವರು ಮುಖ್ಯ ಸ್ಪರ್ಧಿಗಳಿದ್ದಾಗ ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧ ದಾಟಲಿಲ್ಲ. ಎರಡನೆಯ ಆಯ್ಕೆಗಳನ್ನು ಎಣಿಸಿದ ಮೇಲೆಯೇ, ಹಿಂದೆ ಮೈಸೂರಿನ ರಾಜ್ಯಪಾಲರಾಗಿದ್ದ ಗಿರಿಯವರು ಗೆದ್ದರು. ೧೯೧೨ರ ಅಮೆರಿಕದಲ್ಲಿ ಈ ಕ್ರಮವಿದ್ದಿದ್ದರೆ, ಟ್ಯಾಫ್ಟರ ೩೫ ಲಕ್ಷ ಮಂದಿಯ ಎರಡನೆಯ ಮನಸ್ಸು ಯಾರ ಕಡೆಗಿತ್ತೆಂಬುದು ಊಹೆಗೆ ಉಳಿಯದೆ ಲೆಕ್ಕಕ್ಕೆ ಸಿಕ್ಕುತ್ತಿತ್ತು.

ಜಗಳವಾಡಿದ ಸ್ನೇಹಿತರ ಕಥೆಯನ್ನು ಅರ್ಧಕ್ಕೆ ಬಿಡಬಾರದು. ೧೯೧೮ರ ಮೇ ತಿಂಗಳಲ್ಲಿ ಅದೇ ಚಿಕಾಗೋ ನಗರದ ಹೋಟೆಲೊಂದರ ಊಟದ ಮನೆಯಲ್ಲಿ ರೂಸ್‌ವೆಲ್ಟರು ಒಬ್ಬರೇ ಕುಳಿತಿರುವುದನ್ನು ತಿಳಿದ ಟ್ಯಾಫ್ಟರು ತಾವಾಗಿಯೇ ಬಳಿಗೆ ಹೋಗಿ ಮಾತನಾಡಿಸಿದರು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಎಂಟು ತಿಂಗಳಾಗುವುದರೊಳಗೆ, ೧೯೧೯ರ ಜನವರಿಯಲ್ಲಿ, ರೂಸ್‌ವೆಲ್ಟರು ತೀರಿಕೊಂಡರು. ಸ್ನೇಹ ಕೂಡಿಕೊಳ್ಳುವುದಕ್ಕೆ ಸಮಯವಿತ್ತು. ೧೯೧೨ರ ಎಣಿಕೆಯನ್ನು ತಿದ್ದುವುದಕ್ಕೆ ಇರಲಿಲ್ಲ. ಇನ್ನು ಮುಂದೆ ಎಲ್ಲಿಯಾದರೂ ಮೂವರ ಸ್ಪರ್ಧೆಯ ಸುದ್ದಿ ಬಂದಾಗ, ವಾಚಕರು ಗೆದ್ದವರ ಹೆಸರನ್ನು ಓದಿ ಪತ್ರಿಕೆಯನ್ನು ಮಡಿಸದೆ, ಸೋತ ಇಬ್ಬರ ಅಂಕಿಗಳನ್ನೂ ಕೂಡಿ ನೋಡಬೇಕೆಂದು ನಮ್ಮ ಪ್ರಾರ್ಥನೆ.