ಮಸಿ ತುಂಬಿದ ಮೇಲೆ

ಮಗಳ ಕಾಲೇಜಿನ ಪ್ರಬಂಧವು ಮರುದಿನ ಬೆಳಿಗ್ಗೆ 10 ಗಂಟೆಗೆ ಅಧ್ಯಾಪಕರ ಕೈ ಸೇರಬೇಕಾಗಿದ್ದಿತು. ವಿಷಯ, ಪಶ್ಚಿಮಘಟ್ಟದ ಕಾಡುಗಳು, ಪುಟಗಳು 22, ಅವುಗಳಲ್ಲಿ ಎಂಟು ಪುಟಗಳ ತುಂಬ ಬಣ್ಣದ ಚಿತ್ರಗಳು. ಹೊಸ ಕಾರ್ಟ್ರಿಜ್‌ನ ಬೆಲೆ ಕೇಳಿ ಹಿಂದೆಗೆದ ತಾಯಿ, ಮಧ್ಯಾಹ್ನವೇ ಅಂಗಡಿಯಿಂದ ಮೂರು ಬಣ್ಣದ ಮಸಿಯ ಸೀಸೆಗಳನ್ನೂ ಒಂದು ಸಿರಿಂಜನ್ನೂ ತಂದು, ಬರಿದಾಗಿದ್ದ ಕಾರ್ಟ್ರಿಜ್ಜನ್ನು ತಾನೇ ತುಂಬಿದ್ದಳು. ಮಸಿ ಹೊರಚೆಲ್ಲದಿರಲೆಂದು ಮೇಲಿನ ರಂಧ್ರಗಳಿಗೆ ಟೇಪನ್ನು ಬಿಗಿಯಾಗಿ ಅಂಟಿಸಿಯೂ ಇದ್ದಳು.

ದೀಪ ಹಚ್ಚುವ ಹೊತ್ತಿಗೆ ಮೊದಲನೆಯ ಚಿತ್ರ ಹೊರಬಂದಿತು. ಕಾಡೆಲ್ಲ ನೀಲಿಯಾಗಿದ್ದಿತು! ಎಲೆಯೂ ನೀಲಿ, ಹುಲ್ಲೂ ನೀಲಿ. ಸಾಲದುದಕ್ಕೆ ಅಡ್ಡಡ್ಡಲಾಗಿ ಬಿಳಿಯ ಗೆರೆಗಳು.

“ನಾಲ್ಕು ಕಾಸು ಉಳಿಸಲು ಹೋಗಿ ಯಂತ್ರವನ್ನೇ ಕೆಡಿಸಿದೆ” ಎಂದರು ತಂದೆ. ಹಾಗೆಂದು ಅವರು ಸುಮ್ಮನೆ ಕೂಡಲಿಲ್ಲ; ಯಂತ್ರಕ್ಕೆ ಶುದ್ಧೀಕರಣದ ಆಜ್ಞೆಯನ್ನು ಒಂದರ ಮೇಲೊಂದರಂತೆ ಮೂರು ಬಾರಿ ಕೊಟ್ಟರು. ಪ್ರತಿ ಬಾರಿಯೂ ಬಿಳಿಯ ಗೆರೆಗಳು ಹೆಚ್ಚಿದವು. ಮಗಳ ಕಣ್ಣಲ್ಲಿ ನೀರು ನಿಂತಿತು.

ಇಂತಹ ಸಂಜೆ ಅನೇಕ ಮನೆಗಳಲ್ಲಿ ಒದಗುತ್ತದೆ. ಆಗ ದುಡುಕಿನಿಂದ ಆಗುವ ನಷ್ಟವೇ ಹೆಚ್ಚು. ಮಸಿ ತುಂಬಿದ ಕೂಡಲೆ ತಲೆದೋರುವ ದೋಷವು ಸಾಮಾನ್ಯವಾಗಿ ಯಂತ್ರದ್ದಲ್ಲ. ಮಸಿ ಹರಿಯುವ ದಾರಿಯದು.

ಆ ದಾರಿ ಎಷ್ಟು ಕಿರಿದೆಂಬುದನ್ನು ತಿಳಿದರೆ ತಾಳ್ಮೆ ತಾನಾಗಿಯೇ ಬರುತ್ತದೆ. 1977ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ, ಬೆಸುಗೆ ಹಾಕುವ ಕಾದ ಸಲಾಕೆಯೊಂದು ಮಸಿ ತುಂಬಿದ ಸಿರಿಂಜಿನ ಸೂಜಿಗೆ ಅಕಸ್ಮಾತ್ತಾಗಿ ತಗುಲಿತು. ಸೂಜಿಯ ತುದಿಯಿಂದ ಮಸಿ ಚಿಮ್ಮಿತು. ಕಾಯಿಸಿದರೆ ಮಸಿ ಚಿಮ್ಮುತ್ತದೆ ಎಂಬ ಆ ನೋಟದಿಂದಲೇ ಅಲ್ಲಿ ಒಂದು ಹೊಸ ಮುದ್ರಣಕ್ರಮ ಹುಟ್ಟಿತು. ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯೂ ಸ್ವತಂತ್ರವಾಗಿ ಇದೇ ತತ್ತ್ವವನ್ನು ಕಂಡುಕೊಂಡು, 1984ರಲ್ಲಿ ಥಿಂಕ್‌ಜೆಟ್ ಎಂಬ ಪ್ರಿಂಟರನ್ನು ಮಾರುಕಟ್ಟೆಗೆ ತಂದಿತು. ಇಂದಿಗೂ ಇಂತಹ ಯಂತ್ರಗಳಲ್ಲಿ, ಕೂದಲೆಳೆಗಿಂತ ಸಣ್ಣದಾದ ರಂಧ್ರಗಳ ಹಿಂದೆ ಪುಟ್ಟ ಕಾವಿನ ತುಣುಕುಗಳಿರುತ್ತವೆ. ಅವು ಕ್ಷಣಮಾತ್ರ ಕಾಯುತ್ತಲೆ ಮಸಿಯಲ್ಲಿ ಆವಿಯ ಗುಳ್ಳೆಯೆದ್ದು, ಹನಿಯನ್ನು ಹೊರಕ್ಕೆ ತಳ್ಳುತ್ತದೆ. ಹನಿಯೊಂದು 5 ಪಿಕೋಲೀಟರ್ ಇದ್ದರೆ, ಒಂದು ಮಿಲಿಲೀಟರ್ ಮಸಿಯಿಂದ 20 ಕೋಟಿ ಹನಿಗಳಾಗುತ್ತವೆ! ಇಷ್ಟು ಸೂಕ್ಷ್ಮವಾದ ಬಾಯಿಯನ್ನು ಮುಚ್ಚಲು ಒಂದು ಗಾಳಿಗುಳ್ಳೆ ಸಾಕು. ಒಣಗಿದ ಮಸಿಯ ಒಂದು ಕಣ ಸಾಕು.

ಆ ಮನೆಯ ತಾತನವರಿಗೆ ಪಿಕೋಲೀಟರಿನ ಲೆಕ್ಕ ತಿಳಿಯದು. ಆದರೆ ಅವರು ಮೂವತ್ತು ವರ್ಷ ಕಚೇರಿಯಲ್ಲಿ ಫೌಂಟನ್ ಪೆನ್ನಿನಿಂದ ಬರೆದವರು. “ಮಸಿಯಿದ್ದೂ ಪೆನ್ನು ಬರೆಯದಿದ್ದರೆ, ಒಳಗೆ ಗಾಳಿ ಸಿಕ್ಕಿರುತ್ತದೆ, ಇಲ್ಲವೆ ಮಸಿ ಒಣಗಿರುತ್ತದೆ. ಎರಡರಲ್ಲಿ ಯಾವುದೆಂದು ಮೊದಲು ನೋಡಮ್ಮ” ಎಂದರು ಸೊಸೆಗೆ.

“ಹಾಗೆಯೇ ಆಗಲಿ ಮಾವ” ಎಂದು ಆಕೆ ಕಾರ್ಟ್ರಿಜ್ಜನ್ನು ಹೊರತೆಗೆದಳು. ಟಿಶ್ಯೂ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಬೆಚ್ಚನೆಯ ಡಿಸ್ಟಿಲ್ಡ್ ನೀರಿನಲ್ಲಿ ತೇವಗೊಳಿಸಿ, ರಂಧ್ರಗಳಿರುವ ತಳವನ್ನು ಅದರ ಮೇಲೆ ಮೆಲ್ಲನೆ ಒತ್ತಿ ಹಿಡಿದಳು. ಉಜ್ಜಲಿಲ್ಲ. ಕಾಗದದ ಮೇಲೆ ಗುಲಾಬಿ ಮೂಡಿತು, ನೀಲಿ ಮೂಡಿತು. ಹಳದಿಯ ಸುಳಿವೇ ಇಲ್ಲ. ಹಸಿರೆಂದರೆ ನೀಲಿ ಮತ್ತು ಹಳದಿಯ ಕೂಟ. ಹಳದಿ ಕೈಕೊಟ್ಟರೆ ಕಾಡು ನೀಲಿಯಾಗದೆ ಇನ್ನೇನಾದೀತು?

ಈ ಒಂದು ಪರೀಕ್ಷೆ ಬಹಳಷ್ಟನ್ನು ಹೇಳುತ್ತದೆ. ತೇವದ ಕಾಗದದ ಮೇಲೆ ಬಣ್ಣ ಮೂಡದಿದ್ದರೆ ದಾರಿ ಕಟ್ಟಿದೆ. ಅಲ್ಲಿ ಚೆನ್ನಾಗಿ ಮೂಡಿಯೂ ಮುದ್ರಣದಲ್ಲಿ ಕಾಣದಿದ್ದರೆ, ತಾಮ್ರಬಣ್ಣದ ವಿದ್ಯುತ್ ಬಿಂದುಗಳ ಮೇಲೆ ಮಸಿ ಮೆತ್ತಿರಬಹುದು, ಒರೆಸಿದರೆ ಸರಿಹೋದೀತು. ಒರೆಸಿದರೂ ಆಗದಿದ್ದರೆ ಕಾವಿನ ತುಣುಕುಗಳು ಸುಟ್ಟಿವೆಯೆಂದು ತಿಳಿಯಬೇಕು. ಅವನ್ನು ತಂಪಾಗಿಡುವುದು ಮಸಿಯೇ. ಮಸಿ ತೀರಿದ ಮೇಲೂ ಮುದ್ರಿಸುತ್ತ ಹೋದವರಿಗೆ ಬರುವ ಶಿಕ್ಷೆ ಇದು. ಅದಕ್ಕೆ ಮದ್ದಿಲ್ಲ, ಹೊಸದನ್ನು ಕೊಳ್ಳುವುದೇ ಸರಿ. ಹಳದಿಯ ಜಾಗದಲ್ಲಿ ಕೊಳಕು ಹಸಿರು ಕಂಡರೆ, ಮಸಿ ಅತಿಯಾಗಿ ತುಂಬಿ ಪಕ್ಕದ ಕೋಣೆಯದರೊಡನೆ ಬೆರೆತಿದೆ. ಸಣ್ಣ ಕಾರ್ಟ್ರಿಜ್‌ನ ಒಂದೊಂದು ಕೋಣೆಗೆ ಹಿಡಿಸುವುದು ಕೆಲವೇ ಮಿಲಿಲೀಟರ್. ಕಪ್ಪು ಮಸಿಯಲ್ಲಂತೂ ಜಾತಿ ನೋಡಿ ತುಂಬಬೇಕು: ಒಂದು ಬಗೆ ನೀರಿನಲ್ಲಿ ಕರಗಿದ ಬಣ್ಣ, ಇನ್ನೊಂದು ನೀರಿನಲ್ಲಿ ತೇಲುವ ನುಣುಪು ಪುಡಿ, ಇವೆರಡನ್ನು ಬೆರೆಸಿದರೆ ಗಂಟುಕಟ್ಟಿ ರಂಧ್ರಗಳು ಮುಚ್ಚಿಹೋಗಬಹುದು.

ಇಲ್ಲಿ ಹಳದಿಯೇಕೆ ಇಳಿಯಲಿಲ್ಲ? ಆಕೆಯ ಕಣ್ಣು ಮೇಲಿನ ಟೇಪಿನ ಮೇಲೆ ಬಿದ್ದಿತು. ಮಸಿ ಕೆಳಗಿಳಿಯಬೇಕಾದರೆ ಅದರ ಜಾಗಕ್ಕೆ ಮೇಲಿನಿಂದ ಗಾಳಿ ಬರಬೇಕು. ಹಳದಿಯ ಕೋಣೆಯ ಉಸಿರನ್ನು ಟೇಪು ಕಟ್ಟಿಬಿಟ್ಟಿದ್ದಿತು. ಶುದ್ಧೀಕರಣದ ಪ್ರತಿ ಆಜ್ಞೆಗೂ ಯಂತ್ರವು ಕೆಳಗಿನಿಂದ ಮಸಿಯನ್ನು ಎಳೆದು ವ್ಯಯಮಾಡಿ, ಗಾಳಿಗುಳ್ಳೆಗಳಿಗೆ ಎಡೆಮಾಡಿದ್ದಿತು. ಸೂಜಿಯಿಂದ ಟೇಪಿಗೆ ಸಣ್ಣ ತೂತು ಮಾಡುತ್ತಲೆ, ತೇವದ ಕಾಗದದ ಮೇಲೆ ಅರಿಸಿನದ ನೀರಿನಂತೆ ಹಳದಿ ಮೆಲ್ಲನೆ ಹರಡಿತು.

ಮಗಳು ಆಗಲೇ ಮುದ್ರಿಸಲು ಧಾವಿಸಿದಳು. ತಾತನವರು ತಡೆದರು. ಒಳಗಿನ ಸ್ಪಂಜು ಮಸಿಯನ್ನು ಹೀರಿ, ಗುಳ್ಳೆಗಳು ಮೇಲೇರಲು ಕೆಲವು ಗಂಟೆಗಳು ಬೇಕು. ಅದನ್ನು ಹೊರಗಿಟ್ಟರೆ ತಳ ಒಣಗುತ್ತದೆ. ಯಂತ್ರದೊಳಗಿನ ಮುಚ್ಚಳದ ಜಾಗದಲ್ಲಿಯೇ ಇರಬೇಕು. ಮುದ್ರಣದ ತಲೆಯು ಕಾರ್ಟ್ರಿಜ್‌ನಲ್ಲಿರದೆ ಯಂತ್ರದಲ್ಲಿಯೇ ಇರುವ ಪ್ರಿಂಟರುಗಳಲ್ಲಿ ಟಿಶ್ಯೂ ಕಾಗದದ ಉಪಾಯ ನಡೆಯದು. ಅವುಗಳಿಗೆ ಒಂದೆರಡು ಶುದ್ಧೀಕರಣ, ಬಳಿಕ ರಾತ್ರಿಯ ವಿಶ್ರಾಂತಿಯೇ ಚಿಕಿತ್ಸೆ.

ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಿಗ್ಗೆ 6 ಗಂಟೆಗೆ ತಂದೆಯೇ ಎದ್ದು, ಪ್ರಬಂಧವನ್ನಲ್ಲ, ರಂಧ್ರಪರೀಕ್ಷೆಯ ಒಂದು ಹಾಳೆಯನ್ನು ತೆಗೆದರು. ಹಳದಿಯ ಗೆರೆಗಳಲ್ಲಿ ಒಂದೇ ಒಂದು ಮುರಿದಿದ್ದಿತು. ಒಮ್ಮೆ ಶುದ್ಧೀಕರಣ, ಮತ್ತೆ ಪರೀಕ್ಷೆ. ಈಗ ಎಲ್ಲವೂ ಪೂರ್ಣ. ಯಂತ್ರದ ಪರದೆ ಮಾತ್ರ ‘ಮಸಿ ಮುಗಿದಿದೆ’ ಎನ್ನುತ್ತಲೇ ಇದ್ದಿತು. ಅದು ಹಿಂದೆ ಖರ್ಚಾದ ಹನಿಗಳ ಲೆಕ್ಕವೇ ಹೊರತು, ಒಳಗಿರುವ ಮಸಿಯ ಅಳತೆಯಲ್ಲ. ಆ ಮಾತನ್ನು ಒಪ್ಪಿ ಮುಂದೆ ಸಾಗಲು ಆ ಯಂತ್ರವು ಬಿಟ್ಟಿತು. ಬಿಡದ ಯಂತ್ರಗಳೂ ಉಂಟು.

8 ಗಂಟೆಗೆ ಇಪ್ಪತ್ತೆರಡನೆಯ ಪುಟ ಹೊರಬಂದಿತು. ಕಾಡು ಹಸಿರಾಗಿದ್ದಿತು. ತಂದೆ ಆ ಪುಟವನ್ನು ಬೆಳಕಿಗೆ ಹಿಡಿದು ನೋಡಿ, “ಕೆಟ್ಟದ್ದು ಯಂತ್ರವಲ್ಲ, ನನ್ನ ತಾಳ್ಮೆ” ಎಂದು ಹೆಂಡತಿಯ ಕೈಗೆ ಕೊಟ್ಟರು. ಆಕೆ ಏನೂ ಹೇಳಲಿಲ್ಲ. ಒಂದು ಚೀಟಿಯ ಮೇಲೆ ‘ವಾರಕ್ಕೊಮ್ಮೆ ಒಂದು ಬಣ್ಣದ ಪುಟ’ ಎಂದು ಬರೆದು ಯಂತ್ರದ ಮುಚ್ಚಳಕ್ಕೆ ಅಂಟಿಸಿದಳು. ಬಳಸುತ್ತಿದ್ದರೆ ಮಸಿ ಒಣಗದು.