ಬ್ರಹ್ಮಕಮಲವೆಂಬ ಕಳ್ಳಿ

ಮಳೆಗಾಲದ ಇರುಳಿನಲ್ಲಿ ಬ್ರಹ್ಮಕಮಲ ಅರಳಿತೆಂದು ನೆರೆಹೊರೆಯವರನ್ನು ಕರೆದು ತೋರಿಸುವ ಪರಿಪಾಠ ನಮ್ಮ ನಾಡಿನ ಅನೇಕ ಮನೆಗಳಲ್ಲಿ ಬೆಳೆದುಬಂದಿದೆ. ಅದು ಸಂತೋಷದ ಸಂಗತಿಯೇ ಸರಿ. ಆದರೆ ಆ ಗಿಡ ಎಲ್ಲಿಯದೆಂದು ನಾವು ವಿಚಾರಿಸಿದಾಗ, ಹಿಮಾಲಯದ ದೇವಪುಷ್ಪವೆಂದೇ ಬಹುಮಂದಿ ಸದ್ಭಕ್ತರು ಉತ್ತರಿಸುತ್ತಾರೆ. ವಾಸ್ತವದಲ್ಲಿ ಅದು ಪಾಪಾಸುಕಳ್ಳಿಯ ಕುಲಕ್ಕೆ ಸೇರಿದ ಒಂದು ಕಳ್ಳಿ. ಅದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಅರಣ್ಯಗಳು; ಸಸ್ಯಶಾಸ್ತ್ರದ ಹೆಸರು ಎಪಿಫಿಲಮ್ ಆಕ್ಸಿಪೆಟಾಲಮ್.

ಹಿಮಾಲಯದ ಬ್ರಹ್ಮಕಮಲವು ಸೂರ್ಯಕಾಂತಿಯ ಬಳಗದ ಬೇರೊಂದು ಸಸ್ಯ. ಅದು ಸುಮಾರು 10,000 ಅಡಿಗೂ ಮೇಲಿನ ಶೀತಪ್ರದೇಶದಲ್ಲಿ ಬೆಳೆಯುತ್ತದೆ. ಉತ್ತರಾಖಂಡದ ರಾಜ್ಯಪುಷ್ಪವೂ ಹೌದು. ಪೂಜೆಗೂ ಔಷಧಕ್ಕೂ ಕೀಳುತ್ತ ಬಂದುದರಿಂದ ಅದು ಅಲ್ಲಿಯೇ ವಿರಳವಾಗುತ್ತಿದೆ. ಆದುದರಿಂದ ಹಿಮಾಲಯದ ಗಿಡವೆಂದು ಹೇಳಿ ಹೆಚ್ಚಿನ ಬೆಲೆ ಕೇಳುವವರಿದ್ದರೆ ಕೊಳ್ಳಬಾರದು. ಅವರ ಮಾತು ನಿಜವೇ ಆಗಿದ್ದರೂ ಕಲಬುರಗಿ, ಬಳ್ಳಾರಿಗಳ ಬಿಸಿಲಿಗೆ ಅದು ಬದುಕದು.

ಹೆಸರಿನ ಗೊಂದಲವೇ ಆರೈಕೆಯ ಗೊಂದಲಕ್ಕೂ ಕಾರಣವಾಗಿದೆ. ಕಮಲವೆಂದು ತಿಳಿದವರು ದಿನವೂ ನೀರು ಸುರಿದು ಬೇರನ್ನು ಕೊಳೆಸುತ್ತಾರೆ. ಕಳ್ಳಿಯೆಂದು ಅರಿತವರು ಮಾಳಿಗೆಯ ಸುಡುಬಿಸಿಲಿಗಿಟ್ಟು ಹಳದಿಯಾಗಿಸುತ್ತಾರೆ. ಇದು ಮರಳುಗಾಡನ್ನು ಕಂಡ ಕಳ್ಳಿಯಲ್ಲ. ತವರಿನಲ್ಲಿ ಮರದ ಕವಲುಗಳ ಮೇಲೆ, ತರಗೆಲೆ ಕೊಳೆತು ಸೇರಿದ ಸಂದುಗಳಲ್ಲಿ ಬೇರೂರಿ, ಸೋಸಿ ಬಂದ ಬೆಳಕಿನಲ್ಲಿ ಬಾಳುವಂಥದು. ಬಂದಣಿಕೆಯಂತೆ ಮರದ ರಸವನ್ನು ಹೀರುವುದಿಲ್ಲ, ಆಶ್ರಯವನ್ನಷ್ಟೇ ಬೇಡುತ್ತದೆ. ಕುಂಡದಲ್ಲಿಯೂ ನಾವು ಅಂಥ ನೆಲೆಯನ್ನೇ ಒದಗಿಸಬೇಕು. ಕೆಮ್ಮಣ್ಣಿಗೆ ದಪ್ಪ ಮರಳು, ಎಲೆಗೊಬ್ಬರ, ಇದ್ದಿಲ ಚೂರುಗಳನ್ನು ಧಾರಾಳವಾಗಿ ಬೆರೆಸಿ, ತಳದಲ್ಲಿ ತೂತಿರುವ ಕುಂಡಕ್ಕೆ ತುಂಬಬೇಕು. ಕುಂಡ ತುಸು ಚಿಕ್ಕದಿದ್ದು ಬೇರು ಇಕ್ಕಟ್ಟಾದರೆ ಹೂವಿಗೆ ಒಳಿತು. ಬೆಳಗಿನ ಎಳೆಬಿಸಿಲು ಸಾಕು. ಮೇಲ್ಮಣ್ಣು ಒಣಗಿದ ಬಳಿಕವೇ ನೀರು. ಚಳಿಗಾಲದಲ್ಲಿ ಇನ್ನೂ ಕಡಿಮೆ. ಯೂರಿಯಾ ಹಾಕಿದರೆ ಹಸಿರು ಹೆಚ್ಚುವುದೇ ಹೊರತು ಮೊಗ್ಗು ಬಾರದು.

ಎಲ್ಲರೂ ಎಲೆಯೆಂದು ಕರೆಯುವುದು ಚಪ್ಪಟೆಯಾದ ಕಾಂಡ. ಹಾವರ್ತ್ ಎಂಬ ಆಂಗ್ಲ ಸಸ್ಯಜ್ಞನು 1812ರಲ್ಲಿ ಇಟ್ಟ ಎಪಿಫಿಲಮ್ ಎಂಬ ಹೆಸರಿಗೂ ಗ್ರೀಕ್ ಭಾಷೆಯಲ್ಲಿ 'ಎಲೆಯ ಮೇಲೆ' ಎಂದೇ ಅರ್ಥ. ಪಂಡಿತರಿಗೂ ಅದು ಎಲೆಯಾಗಿಯೇ ಕಂಡಿತು! ಆ ಕಾಂಡದ ಅಂಚಿನ ಕಚ್ಚುಗಳಲ್ಲಿರುವ ಕಣ್ಣುಗಳಿಂದಲೇ ಮೊಗ್ಗು ಹೊರಡುತ್ತದೆ.

ಗಿಡಕ್ಕೆ ಹಣ ಕೊಡುವ ಅಗತ್ಯವೇ ಇಲ್ಲ. ಬಂಧುಗಳ ಮನೆಯಿಂದ ಬಲಿತ ಕಾಂಡದ ಗೇಣುದ್ದದ ತುಂಡೊಂದನ್ನು ತಂದು, ನೆರಳಿನಲ್ಲಿ ಒಂದು ವಾರವಿಟ್ಟು, ಗಾಯ ಒಣಗಿದ ಮೇಲೆ ಎರಡಂಗುಲ ಆಳಕ್ಕೆ ಊರಬೇಕು. ಹೂವಿಗಾಗಿ ಎರಡು ಮೂರು ಮಳೆಗಾಲ ಕಾಯಬೇಕಾದೀತು. ಹಿಟ್ಟುತಿಗಣೆ ಕಂಡರೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರಾಯಿತು.

ಮೊಗ್ಗು ಮೂಡಿದ ಮೇಲೆ ಕುಂಡವನ್ನು ಅತ್ತಿತ್ತ ಸರಿಸಬಾರದು. ಮಣ್ಣು ಪೂರ್ತಿ ಒಣಗಲೂ ಬಿಡಬಾರದು. ಎರಡರಿಂದಲೂ ಮೊಗ್ಗು ಉದುರುತ್ತದೆ. ಜೋತುಬಿದ್ದ ಮೊಗ್ಗು ಕೊಕ್ಕೆಯಂತೆ ಬಾಗಿ ತಲೆಯೆತ್ತಿ, ಉಬ್ಬಿಕೊಂಡಿತೆಂದರೆ ಅರಳುವ ಇರುಳು ಸಮೀಪಿಸಿತೆಂದು ತಿಳಿಯತಕ್ಕದ್ದು. ಆ ಬಿಳುಪೂ ಪರಿಮಳವೂ ಕತ್ತಲೆಯಲ್ಲಿ ಹಾರುವ ಪತಂಗಗಳಿಗಾಗಿ ಇವೆ. ಬೆಳಗಿನ ಪೂಜೆಯ ಹೊತ್ತಿಗೆ ಹೂವು ಬಾಡಿರುತ್ತದೆ. ಆ ಒಂದು ರಾತ್ರಿ ಮಕ್ಕಳನ್ನು ಬೇಗನೆ ಮಲಗಿಸದೆ, ದೀಪ ಹಿಡಿದು ಕುಂಡದ ಬಳಿ ಕೂರಿಸಿಕೊಳ್ಳಿರಿ; ಎಸಳುಗಳು ಬಿಚ್ಚುವುದನ್ನು ಕಣ್ಣಾರೆ ಕಾಣಬಹುದು.